ಮನೆಯ ನಿತ್ಯದ ಬದುಕನ್ನು ಫೋಟೋ ತೆಗೆದಿಡುವುದಕ್ಕೆ ನಿಜವಾಗಿ ಬೆಲೆಯಿದೆಯೇ?

ಪೆರ್ಲದ ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದ ಅಡಕೆ ತೋಟದ ಮನೆಯೊಂದರ ಸೊಸೆ. ಕಳೆದ ಆಟಿ ತಿಂಗಳಲ್ಲಿ ನಮ್ಮ ಅತ್ತೆ ತೀರಿಕೊಂಡರು. ಬೊಜ್ಜದ (ಉತ್ತರಕ್ರಿಯೆಯ) ದಿನ ಇಡುವುದಕ್ಕೊಂದು ಫೋಟೋ ಬೇಕೆಂದು ಕಪಾಟಿನಲ್ಲಿದ್ದ ಐದು ಆಲ್ಬಮ್‌ಗಳನ್ನೂ ಹೊರತೆಗೆದು ಚಾವಡಿಯಲ್ಲಿ ಹರಡಿಕೊಂಡು ಕುಳಿತೆವು. ಅತ್ತೆಯ ಫೋಟೋಗಳಿಗೆ ಕೊರತೆಯೇನೂ ಇರಲಿಲ್ಲ. ಮೈದುನನ ಉಪನಯನ, ನಾದಿನಿಯ ಮದುವೆ, ನಮ್ಮ ಮದುವೆ, ಮನೆ ಒಕ್ಕಲು, ಎಲ್ಲದರಲ್ಲಿಯೂ ಅವರಿದ್ದಾರೆ. ಆದರೆ ಎಲ್ಲದರಲ್ಲಿಯೂ ಅವರು ಒಂದೇ ರೀತಿ ಕಾಣುತ್ತಾರೆ: ಅಂದಿನ ಮಟ್ಟಿಗೆ ಪೆಟ್ಟಿಗೆಯಿಂದ ತೆಗೆದ ರೇಷ್ಮೆಯ ಪಟ್ಟೆ ಸೀರೆ, ಜೋತುಬಿಟ್ಟ ಎರಡು ಕೈಗಳು, ‘ಇತ್ತ ನೋಡಿ’ ಎಂದು ಯಾರೋ ಕೂಗಿದ್ದಕ್ಕೆ ಬಿಗಿದುಕೊಂಡ ಮುಖ.

ನನಗೆ ಗೊತ್ತಿದ್ದ ಅತ್ತೆ ಆ ಆಲ್ಬಮ್‌ಗಳಲ್ಲಿ ಇಲ್ಲ. ಬೇಸಗೆಯ ಮಧ್ಯಾಹ್ನ ಮೆಟ್ಟುಕತ್ತಿಯ ಮುಂದೆ ಕುಳಿತು, ಅಂಗೈಗೆ ತೆಂಗಿನೆಣ್ಣೆ ಸವರಿಕೊಂಡು, ಹಲಸಿನಕಾಯಿಯ ಮೇಣವನ್ನು ಒಂದು ಕಡ್ಡಿಗೆ ಸುತ್ತಿ ಸುತ್ತಿ ತೆಗೆದು ಪಕ್ಕಕ್ಕಿಡುತ್ತಿದ್ದರು. ಆ ಕಡ್ಡಿ ಸಂಜೆಯ ಹೊತ್ತಿಗೆ ಒಂದು ನಿಂಬೆಹಣ್ಣಿನಷ್ಟು ಆಗಿರುತ್ತಿತ್ತು. ಮಕ್ಕಳು ಅದಕ್ಕಾಗಿ ಜಗಳವಾಡುತ್ತಿದ್ದರು. ಹದಿನಾರು ವರ್ಷ ಆ ದೃಶ್ಯವನ್ನು ನೋಡಿದ ನಾನು, ಅದರಲ್ಲಿ ಎಂಟು ವರ್ಷ ಕೈಯಲ್ಲಿಯೇ ಕ್ಯಾಮರಾ ಇರುವ ಫೋನ್ ಇಟ್ಟುಕೊಂಡಿದ್ದ ನಾನು, ಒಮ್ಮೆಯೂ ಅದನ್ನು ತೆಗೆಯಲಿಲ್ಲ. ಅದು ನಾಳೆಯೂ ಇರುತ್ತದೆ ಎಂಬ ಭಾವನೆ.

ಅಂದಿನಿಂದ ನಾನು ಮನೆಯಲ್ಲಿ ನಡೆಯುವುದನ್ನೆಲ್ಲ ಫೋಟೋ ತೆಗೆಯತೊಡಗಿದ್ದೇನೆ. ಮಾವನವರಿಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ. ‘ಹಟ್ಟಿಯಲ್ಲಿ ಬೈರಾಸು ಸುತ್ತಿಕೊಂಡು ನಿಂತವನ ಫೋಟೋ ಯಾರಿಗೆ ಬೇಕು’ ಎಂದು ಮುಖ ತಿರುಗಿಸುತ್ತಾರೆ. ಎಲ್ಲವನ್ನೂ ಫೋನಿನ ಮೂಲಕ ನೋಡುತ್ತಾ ನಾನು ಕಣ್ಣೆದುರಿನದನ್ನೇ ಕಳೆದುಕೊಳ್ಳುತ್ತಿದ್ದೇನೆಂದು ಪತಿಗೆ ಅನಿಸಿದೆ. ಅವರ ಮಾತನ್ನು ತಳ್ಳಿಹಾಕಲು ನನಗೆ ಧೈರ್ಯವಿಲ್ಲ, ಬಿಟ್ಟುಬಿಡಲು ಮನಸ್ಸಿಲ್ಲ. ಈ ಬಗೆಯ ಫೋಟೋಗಳಿಗೆ ನಿಜವಾಗಿಯೂ ಬೆಲೆಯಿದೆಯೇ? ಇದ್ದರೆ, ಮನೆಯವರ ಮನಸ್ಸನ್ನು ನೋಯಿಸದೆ ಹೇಗೆ ತೆಗೆಯಬೇಕು, ನಮ್ಮ ಮಳೆಗಾಲವನ್ನು ದಾಟಿ ಹೇಗೆ ಉಳಿಸಬೇಕು? ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ನೆಗೆಟಿವ್

ತಂಗೀ, ನಾನು ಕುಂಬಳೆ ಕಡೆಯವನು. 1979ರಿಂದ 2013ರವರೆಗೆ ಸ್ಟುಡಿಯೋ ನಡೆಸಿದವನು. ನಿಮ್ಮ ಆಲ್ಬಮ್‌ಗಳಲ್ಲಿರುವಂಥ ಬಿಗಿದ ಮುಖಗಳನ್ನು ಸಾವಿರಗಟ್ಟಲೆ ತೆಗೆದವರಲ್ಲಿ ನಾನೂ ಒಬ್ಬ. ಆದುದರಿಂದ ಅವು ಹಾಗೆ ಏಕಾದುವೆಂದು ಮೊದಲು ಹೇಳುತ್ತೇನೆ.

ನಾನು ಕೆಲಸ ಕಲಿತದ್ದು ಆಗ್ಫಾ ಕ್ಲಿಕ್ ತ್ರೀ ಎಂಬ ಸಣ್ಣ ಕ್ಯಾಮರಾದಲ್ಲಿ. ಅದಕ್ಕೆ ಹಾಕುವ 120ರ ರೋಲಿನಲ್ಲಿ ಬರುವುದು 12 ಫೋಟೋ. ಕಪ್ಪು-ಬಿಳುಪಿಗೆ ಊಟಿಯ ಕಾರ್ಖಾನೆಯ ‘ಇಂದು’ ಫಿಲ್ಮ್ ಕೂಡ ಬರುತ್ತಿತ್ತು. ಮುಂದೆ 35 ಮಿಲಿಮೀಟರಿನ ಕಲರ್ ರೋಲ್ ಬಂದಾಗ 36 ಆಯಿತು. ಮನೆಯವರು ಎರಡು ರೋಲಿಗೆ ಹಣ ಕೊಟ್ಟಿದ್ದಾರೆಂದರೆ, ಮುಹೂರ್ತದಿಂದ ಹಿಡಿದು ಊಟದ ಪಂಕ್ತಿಯವರೆಗೆ, ಬಂದ ಸಂಬಂಧಿಕರ ಪ್ರತಿಯೊಂದು ಗುಂಪಿನವರೆಗೆ, ಎಲ್ಲವೂ ಆ 72ರೊಳಗೆ ಮುಗಿಯಬೇಕು. ಒಬ್ಬರು ಕಣ್ಣು ಮುಚ್ಚಿದರೆ ಒಂದು ಫಿಲ್ಮ್ ಹಾಳು. ಅಲುಗಾಡಬೇಡಿ, ಮಾತಾಡಬೇಡಿ ಎಂದು ನಾವೇ ಗದರಿಸುತ್ತಿದ್ದೆವು. ಹೀಗಿರುವಾಗ ಹಲಸಿನಕಾಯಿ ಕೊರೆಯುವ ಹೆಂಗಸಿನ ಮೇಲೆ ಒಂದು ಫಿಲ್ಮ್ ಖರ್ಚು ಮಾಡುವ ಧೈರ್ಯ ಯಾರಿಗಿತ್ತು? ನಿಮ್ಮ ಅತ್ತೆಯ ತಲೆಮಾರಿನ ನಿತ್ಯದ ಬದುಕು ಫೋಟೋಗಳಲ್ಲಿ ಇಲ್ಲದೆ ಹೋದದ್ದು ಅದಕ್ಕೆ ಬೆಲೆ ಇಲ್ಲದ್ದರಿಂದಲ್ಲ, ಫಿಲ್ಮಿಗೆ ಬೆಲೆ ಇದ್ದುದರಿಂದ.

ಆದರೆ ಒಂದು ಸಂದಿಯಿತ್ತು. ರೋಲ್ ಮುಗಿಯದೆ ಅದನ್ನು ತೊಳೆಯಲು ಕೊಡುವಂತಿರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಎರಡು ಮೂರು ಫಿಲ್ಮ್ ಉಳಿದಿದ್ದರೆ ಎದುರಿಗೆ ಕಂಡದ್ದಕ್ಕೆ ಕ್ಲಿಕ್ ಮಾಡಿ ಮುಗಿಸುತ್ತಿದ್ದೆ. ಗೋಣಿಯ ಮೇಲೆ ಮಲಗಿ ನಿದ್ದೆ ಹೋದ ಹುಡುಗಿ, ಕೊಪ್ಪರಿಗೆ ತೊಳೆಯುವವರು, ಚಪ್ಪರದ ಕಂಬಕ್ಕೆ ಒರಗಿ ಎಲೆಯಡಕೆ ಹಾಕುವ ಅಡಿಗೆಯ ಭಟ್ಟರು. ಕೆಲವು ಕಡೆ ಹಿಂದಿನ ರಾತ್ರಿಯೇ ಹೋಗಿರುತ್ತಿದ್ದುದರಿಂದ ಬೆಂದಿಗೆ ಕೊರೆಯುವಾಗಿನ, ಎಂದರೆ ಮರುದಿನದ ಅಡಿಗೆಗೆ ತರಕಾರಿ ಹೆಚ್ಚುವಾಗಿನ, ಒಂದೆರಡು ಕೂಡ ಸಿಗುತ್ತಿದ್ದವು. ಅವುಗಳಿಗೆ ನಾನು ಹಣ ಕೇಳಲಿಲ್ಲ, ಮನೆಯವರು ಪ್ರಿಂಟ್ ಹಾಕಿಸಲೂ ಇಲ್ಲ. ನೆಗೆಟಿವಿನ ತುಂಡಿನಲ್ಲಿ ಹಾಗೆಯೇ ಉಳಿದು ಮನೆ ಸೇರಿದವು.

ಸುಮಾರು ಇಪ್ಪತ್ತು ವರ್ಷಗಳ ಬಳಿಕ ಒಬ್ಬ ಹಿರಿಯರು ಪ್ಲಾಸ್ಟಿಕ್ ಚೀಲದಲ್ಲಿ ಅಂಥ ನೆಗೆಟಿವ್‌ಗಳನ್ನು ಹಿಡಿದು ನನ್ನ ಅಂಗಡಿಗೆ ಬಂದರು. ಹೆಂಡತಿಯ ಫೋಟೋ ದೊಡ್ಡದು ಮಾಡಿಸಬೇಕಾಗಿತ್ತು. ಗುಂಪಿನ ಫೋಟೋದಿಂದ ಮುಖವನ್ನು ಬಿಡಿಸಿ ಕೊಡುವುದು ನಮಗೆ ವಾರಕ್ಕೊಮ್ಮೆಯ ಕೆಲಸ. ನಾನು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ತುದಿಯ ತುಂಡಿನಲ್ಲಿ ಬಾವಿಕಟ್ಟೆಗೆ ಒಂದು ಕಾಲು ಕೊಟ್ಟು ಹಗ್ಗ ಎಳೆಯುತ್ತಿರುವ ಹೆಂಗಸೊಬ್ಬಳು ಕಂಡಳು. ಮುಖ ಅರ್ಧ ಮಾತ್ರ, ಅದೂ ಪಕ್ಕಕ್ಕೆ. ಪ್ರಿಂಟ್ ಮಾಡಿ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ಮುಖ ಸರಿಯಾಗಿ ಕಾಣುವ ನಾಲ್ಕು ಫೋಟೋಗಳನ್ನು ಅಲ್ಲಿಯೇ ಮೇಜಿನ ಮೇಲೆ ಬಿಟ್ಟು ಅದೊಂದನ್ನೇ ಚೌಕಟ್ಟು ಹಾಕಿಸಿಕೊಂಡು ಹೋದರು. ನನ್ನ ಮೂವತ್ತನಾಲ್ಕು ವರ್ಷದ ಕೆಲಸದಲ್ಲಿ ಒಳ್ಳೆಯ ಫೋಟೋ ಯಾವುದೆಂದು ಯಾರಾದರೂ ಕೇಳಿದರೆ, ರೋಲ್ ಮುಗಿಸಲೆಂದು ತೆಗೆದ ಆ ಒಂದನ್ನೇ ಹೇಳುತ್ತೇನೆ.

ನಿಮ್ಮ ಮಾವನವರ ವಿಷಯ. ಅವರ ಮುಖಕ್ಕೆ ಹಿಡಿಯಬೇಡಿ, ಅವರ ಕೆಲಸಕ್ಕೆ ಹಿಡಿಯಿರಿ. ಅಡಕೆ ಸುಲಿಯಲು ಕುಳಿತಾಗ ನೀವೂ ನೆಲಕ್ಕೆ ಕುಳಿತುಕೊಳ್ಳಿ, ನಿಂತುಕೊಂಡು ಮೇಲಿನಿಂದ ತೆಗೆದರೆ ಯಾರೇ ಆದರೂ ಚಿಕ್ಕವರಾಗಿ ಕಾಣುತ್ತಾರೆ. ಮಳೆಗಾಲದಲ್ಲಿ ನಮ್ಮ ಮನೆಗಳ ಒಳಗೆ ಕತ್ತಲೆ. ಫ್ಲ್ಯಾಶ್ ಹಾಕದೆ, ಬಾಗಿಲ ಬೆಳಕು ಅವರ ಪಕ್ಕದಿಂದ ಬೀಳುವಂತೆ ನೋಡಿಕೊಳ್ಳಿ. ಒಂದೋ ಎರಡೋ ತೆಗೆದು ಫೋನ್ ಕೆಳಗಿಟ್ಟು, ನೀವೂ ನಾಲ್ಕು ಅಡಕೆ ಸುಲಿಯಿರಿ.

ಇನ್ನೊಂದು ಮಾತು. ನಿಮ್ಮ ಮನೆಯ ಹಳೆಯ ಸಮಾರಂಭಗಳ ನೆಗೆಟಿವ್ ಎಲ್ಲಿಯಾದರೂ ಉಳಿದಿದ್ದರೆ ರೋಲಿನ ಕೊನೆಯ ತುಂಡುಗಳನ್ನು ನೋಡಿ.

ಮಂಜೇಶ್ವರದಿಂದ ದುಬೈಗೆ

ಅಕ್ಕಾ, ನಾನು ಹನ್ನೊಂದು ವರ್ಷಗಳಿಂದ ಕೊಲ್ಲಿಯಲ್ಲಿದ್ದೇನೆ, ನನ್ನ ತಂದೆ ನನಗಿಂತ ಮೊದಲು ಹತ್ತೊಂಬತ್ತು ವರ್ಷ ಇಲ್ಲಿದ್ದರು. ಕಾಸರಗೋಡಿನಲ್ಲಿ ಇಂಥ ಮನೆಗಳು ಎಷ್ಟಿವೆಯೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ತಂದೆಗೆ ಕಳುಹಿಸಲೆಂದು ತಾಯಿ ವರ್ಷಕ್ಕೊಮ್ಮೆ ನಮ್ಮನ್ನು ಹೊಸಂಗಡಿಯ ಸ್ಟುಡಿಯೋಗೆ ಕರೆದುಕೊಂಡು ಹೋಗುತ್ತಿದ್ದರು. ಹೊಸ ಅಂಗಿ, ಪೌಡರು, ಹಿಂದೆ ಸರೋವರವನ್ನೋ ಹಿಮದ ಬೆಟ್ಟವನ್ನೋ ಬರೆದ ಪರದೆ. ಆ ಫೋಟೋ ಕಾಗದದ ಜೊತೆ ಲಕೋಟೆಯಲ್ಲಿ ಹೋಗುತ್ತಿತ್ತು. ತಂದೆ ನಿವೃತ್ತರಾಗಿ ಊರಿಗೆ ಬಂದ ಮೇಲೆ ಒಂದು ದಿನ ಆ ಫೋಟೋಗಳನ್ನೆಲ್ಲ ಸಾಲಾಗಿ ಇಟ್ಟು ನೋಡುತ್ತಾ, ‘ನೀವು ಬೆಳೆದದ್ದು ಇದರಲ್ಲಿ ಗೊತ್ತಾಗುತ್ತದೆ, ಆದರೆ ನೀವು ಯಾವ ಮನೆಯಲ್ಲಿ ಬೆಳೆದಿರಿ ಎಂದು ಗೊತ್ತಾಗುವುದಿಲ್ಲ’ ಎಂದರು. ಅವರು ಇಲ್ಲಿದ್ದಾಗಲೇ ನಮ್ಮ ಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂದಿತ್ತು, ಅಂಗಳದ ಪೇರಳೆ ಮರ ಬಿದ್ದಿತ್ತು. ಅವರು ಕಳುಹಿಸಿದ ಹಣದಿಂದ ಆದ ಕೆಲಸಗಳು ಅವು. ಅವುಗಳಲ್ಲಿ ಒಂದೂ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಹಾಗಾಗಿ ನಾನು ಮದುವೆಯಾದ ಹೊಸದರಲ್ಲಿಯೇ ಪತ್ನಿಯಲ್ಲಿ ಕೇಳಿಕೊಂಡೆ: ಹಬ್ಬದ ಫೋಟೋ ಹೇಗೂ ಬರುತ್ತದೆ, ನನಗೆ ಬೇಕಾದದ್ದು ಮಂಗಳವಾರದ ಫೋಟೋ. ಈಗ ನನ್ನ ಫೋನಿನಲ್ಲಿರುವ, ನಾನು ಅತಿ ಹೆಚ್ಚು ಬಾರಿ ನೋಡಿರುವ ಚಿತ್ರದಲ್ಲಿ ಮನುಷ್ಯರೇ ಇಲ್ಲ. ಜಗಲಿಯ ಮೆಟ್ಟಿಲಿನಲ್ಲಿ ಮಗಳ ಎರಡು ಚಪ್ಪಲಿಗಳು, ಒಂದು ಸರಿಯಾಗಿ, ಇನ್ನೊಂದು ಕವುಚಿ, ಅಡಿಭಾಗಕ್ಕೆ ಹತ್ತಿದ ಕೆಂಪು ಮಣ್ಣು ಇನ್ನೂ ಹಸಿಯಾಗಿಯೇ ಇದೆ. ಶಾಲೆಯಿಂದ ಬಂದವಳು ಬಚ್ಚಲಿಗೆ ಹೋಗದೆ ನೇರ ಅಡುಗೆಮನೆಗೆ ಓಡಿದ್ದಾಳೆಂದು ಅದನ್ನು ನೋಡಿದರೆ ತಿಳಿಯುತ್ತದೆ. ಆ ಅಳತೆಯ ಚಪ್ಪಲಿ ಅವಳಿಗೆ ಈಗ ಆಗುವುದಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು, ಏಕೆಂದರೆ ನಾನು ಅದರಿಂದ ಸುಟ್ಟುಕೊಂಡಿದ್ದೇನೆ. ಪತ್ನಿಯ ಫೋನ್ ಬಾವಿಕಟ್ಟೆಯಿಂದ ಒಳಗೆ ಬಿತ್ತು. ನನ್ನ ಬಳಿ ಉಳಿದದ್ದು ವಾಟ್ಸಾಪ್‌ನಲ್ಲಿ ಬಂದ ಪ್ರತಿಗಳು ಮಾತ್ರ. ವಾಟ್ಸಾಪ್ ಫೋಟೋವನ್ನು ಕಳುಹಿಸುವಾಗ ಕುಗ್ಗಿಸುತ್ತದೆ. ಫೋನಿನಲ್ಲಿ ಚೆನ್ನಾಗಿ ಕಾಣುವ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಲು ಹೋದಾಗ ಮುಖಗಳು ಕದಡಿದಂತೆ ಬರುತ್ತವೆ. ಅದೇ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲದ ಹಾಗೆಯೇ ಬರುತ್ತದೆ, ತೆಗೆದ ದಿನಾಂಕವೂ ಅದರೊಳಗೆ ಉಳಿಯುತ್ತದೆ. ಈಗ ನಾವು ಮೂಲ ಫೋಟೋಗಳನ್ನು ಮೂರು ಕಡೆ ಇಡುತ್ತೇವೆ: ಫೋನಿನಲ್ಲಿ, ಮನೆಯ ಹಾರ್ಡ್ ಡಿಸ್ಕಿನಲ್ಲಿ, ಆನ್‌ಲೈನ್ ಖಾತೆಯಲ್ಲಿ. ಸಿಡಿಲಿಗೆ ಮನೆಯ ಉಪಕರಣಗಳೆಲ್ಲ ಒಂದೇ ಸಲಕ್ಕೆ ಹೋಗುವ ಊರು ನಮ್ಮದು, ಆದ್ದರಿಂದ ಮನೆಯ ಹೊರಗೊಂದು ಪ್ರತಿ ಇರಲೇಬೇಕು.

ಬದಿಯಡ್ಕದ ಕನ್ನಡ ಟೀಚರ್

ನಿಮ್ಮ ಪತಿಯವರ ಸಂದೇಹವನ್ನು ಇಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲವೆಂದು ಬರೆಯುತ್ತಿದ್ದೇನೆ. ಅದು ತಳ್ಳಿಹಾಕುವ ಮಾತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಅವರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ವಿದ್ಯಾರ್ಥಿಗಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, ಕೆಲವು ವಸ್ತುಗಳನ್ನು ಬರಿದೆ ನೋಡಲು, ಕೆಲವನ್ನು ಫೋಟೋ ತೆಗೆಯಲು ಹೇಳಿದರು. ಮರುದಿನ ಕೇಳಿದಾಗ, ಫೋಟೋ ತೆಗೆದ ವಸ್ತುಗಳ ನೆನಪು ಬರಿದೆ ನೋಡಿದವುಗಳ ನೆನಪಿಗಿಂತ ಮಸುಕಾಗಿತ್ತು. ನೆನಪಿಡುವ ಕೆಲಸವನ್ನು ನಾವು ಕ್ಯಾಮರಾಗೆ ವಹಿಸಿಬಿಡುತ್ತೇವೆ. ಆದರೆ ಅದೇ ಅಧ್ಯಯನದಲ್ಲಿ, ವಸ್ತುವಿನ ಯಾವುದಾದರೂ ಒಂದು ಭಾಗವನ್ನು ಹತ್ತಿರಕ್ಕೆ ತಂದು ತೆಗೆದವರಿಗೆ ಈ ನಷ್ಟ ಆಗಲಿಲ್ಲ. ಮೇಲೆ ಸ್ಟುಡಿಯೋದ ಹಿರಿಯರು ಹೇಳಿದ ‘ಮುಖಕ್ಕಲ್ಲ, ಕೆಲಸಕ್ಕೆ ಹಿಡಿಯಿರಿ’ ಎಂಬುದಕ್ಕೂ ಇದಕ್ಕೂ ಬಹಳ ದೂರವಿಲ್ಲವೆಂದು ನನಗನಿಸುತ್ತದೆ. ಮೇಣದ ಕಡ್ಡಿಯನ್ನು ತೆಗೆಯಬೇಕಾದರೆ ಮೇಣದ ಕಡ್ಡಿಯನ್ನು ನೋಡಲೇಬೇಕಾಗುತ್ತದೆ.

ಅದೇ ವರ್ಷ ಬೇರೊಂದು ತಂಡ ಪ್ರಕಟಿಸಿದ ಅಧ್ಯಯನ ನಿಮ್ಮ ಮೂಲ ಪ್ರಶ್ನೆಗೇ ಸಂಬಂಧಪಟ್ಟದ್ದು. ವಿದ್ಯಾರ್ಥಿಗಳು ಆಗ ಕೇಳುತ್ತಿದ್ದ ಹಾಡು, ಇತ್ತೀಚಿನ ಒಂದು ಸಂಭಾಷಣೆ ಮುಂತಾದ ಸಾಮಾನ್ಯ ಸಂಗತಿಗಳನ್ನು ಬರೆದಿಟ್ಟರು. ಇವನ್ನು ಮತ್ತೆ ನೋಡಲು ತಮಗೆ ಅಷ್ಟೇನೂ ಕುತೂಹಲವಿರಲಾರದೆಂದು ಅಂದಾಜು ಮಾಡಿದ್ದ ಅವರು, ಮೂರು ತಿಂಗಳ ಬಳಿಕ ತೆರೆಯುವಾಗ ತಮ್ಮ ಅಂದಾಜಿಗಿಂತ ಎಷ್ಟೋ ಹೆಚ್ಚಿನ ಕುತೂಹಲದಿಂದ ಕಾದಿದ್ದರು. ನಾಳೆ ನಮಗೆ ಯಾವುದು ಅಮೂಲ್ಯವಾಗುತ್ತದೆಂದು ಇಂದು ನಿರ್ಧರಿಸುವುದರಲ್ಲಿ ನಾವೆಲ್ಲರೂ ತಪ್ಪುತ್ತೇವೆ. ನೀವು ಎಂಟು ವರ್ಷ ಆ ಫೋಟೋ ತೆಗೆಯದೆ ಇದ್ದುದು ನಿಮ್ಮೊಬ್ಬರ ಅಲಕ್ಷ್ಯವಲ್ಲ, ದಯವಿಟ್ಟು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಆದರೆ ಮಾವನವರು ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಬೇಕು. ನನ್ನ ತಂದೆಯವರು ಹಾಸಿಗೆ ಹಿಡಿದಿದ್ದ ಕೊನೆಯ ತಿಂಗಳಲ್ಲಿ, ಎಲ್ಲವನ್ನೂ ಉಳಿಸಿಕೊಳ್ಳುವ ಹಂಬಲದಿಂದ, ಅವರನ್ನು ಕೇಳದೆ ನಾನು ಕೆಲವು ಫೋಟೋಗಳನ್ನು ತೆಗೆದೆ. ಜೀವಮಾನವಿಡೀ ಇಸ್ತ್ರಿ ಮಾಡದ ಅಂಗಿ ತೊಡದೆ ಇದ್ದ ಮನುಷ್ಯ ಅವರು. ಆ ಫೋಟೋಗಳನ್ನು ಇದುವರೆಗೆ ಯಾರಿಗೂ ತೋರಿಸಲು ನನಗೆ ಸಾಧ್ಯವಾಗಿಲ್ಲ, ಅಳಿಸಲೂ ಸಾಧ್ಯವಾಗಿಲ್ಲ. ಅವರು ನಿತ್ಯ ಕೂರುತ್ತಿದ್ದ ಆರಾಮಕುರ್ಚಿ, ಅದರ ತೋಳಿನ ಮೇಲಿಟ್ಟ ಕನ್ನಡಕ, ಇವುಗಳನ್ನು ತೆಗೆದಿದ್ದರೆ ಸಾಕಾಗುತ್ತಿತ್ತು. ತೆಗೆದದ್ದನ್ನು ಅವರ ಅನುಮತಿಯಿಲ್ಲದೆ ಸ್ಟೇಟಸ್‌ಗೆ ಹಾಕುವುದಂತೂ ಬೇಡವೇ ಬೇಡ. ಹೆಚ್ಚಿನ ಹಿರಿಯರಿಗೆ ಅಂಜಿಕೆಯಿರುವುದು ಕ್ಯಾಮರಾದ ಬಗ್ಗೆ ಅಲ್ಲ, ಅದನ್ನು ಯಾರು ಯಾರು ನೋಡುತ್ತಾರೋ ಎಂಬುದರ ಬಗ್ಗೆ.

ಟೀಚರ್ ಆಗಿ ಒಂದು ಬೇಡಿಕೆ. ಪ್ರತಿ ಫೋಟೋಗೆ ಎರಡು ಸಾಲು ಬರೆದಿಡಿ, ಕನ್ನಡದಲ್ಲಿ ಬರೆದಿಡಿ. 1956ರ ನವೆಂಬರ್ ಒಂದರಂದು ನಮ್ಮ ನಾಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡ ಉಳಿದದ್ದು ಶಾಲೆಗಳಲ್ಲಿ, ಯಕ್ಷಗಾನದಲ್ಲಿ, ಮನೆಗಳಲ್ಲಿ. ಮನೆಯೊಳಗಿನ ಕನ್ನಡವೆಂದರೆ ವಸ್ತುಗಳ ಹೆಸರು. ಕಳೆದ ವರ್ಷ ನಾನು ತರಗತಿಯಲ್ಲಿ ಒಂದು ಹಳೆಯ ಫೋಟೋ ತೋರಿಸಿದೆ: ಸುರಂಗದ ಬಾಯಿಯಿಂದ ನೀರು ಅಡಕೆ ಮರವನ್ನು ಸೀಳಿ ಒಳಗನ್ನು ತೋಡಿ ಮಾಡಿದ ದಂಬೆಯಲ್ಲಿ ಹರಿದು ಅಂಗಳದ ಕಲ್ಲಿನ ಮರಿಗೆಗೆ ಬೀಳುತ್ತಿದೆ. ಎನ್ಮಕಜೆ, ಬಾಯಾರು, ಪೈವಳಿಕೆ ಕಡೆಯ ಮಕ್ಕಳಿಗೆ ಸುರಂಗ ಗೊತ್ತಿತ್ತು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಒಬ್ಬನೇ ನಡೆಯುವಷ್ಟು ಅಗಲದ ದಾರಿ ಮಾಡಿ ನೀರು ತರುತ್ತಾರೆಂದು ಚೆನ್ನಾಗಿಯೇ ವಿವರಿಸಿದರು. ‘ದಂಬೆ’ ಎಂಬ ಶಬ್ದ ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ, ಏಕೆಂದರೆ ಈಗ ಎಲ್ಲ ಮನೆಗಳಲ್ಲಿಯೂ ಕಪ್ಪು ಪೈಪು. ಫೋಟೋ ಇತ್ತು, ಆದ್ದರಿಂದ ಶಬ್ದವನ್ನು ಹೇಳಿಕೊಡಲು ಒಂದು ನೆಪ ಸಿಕ್ಕಿತು. ಪ್ರಿಂಟಿನ ಹಿಂಬದಿಗೆ ಬರೆಯುವುದಾದರೆ ಮೆತ್ತಗಿನ ಪೆನ್ಸಿಲ್ ಬಳಸಿ. ಬಾಲ್ ಪೆನ್ನಿನ ಒತ್ತು ಮುಂಬದಿಯಲ್ಲಿ ಗೆರೆಯಾಗಿ ಎದ್ದು ಕಾಣುತ್ತದೆ.

ಮುಳ್ಳೇರಿಯದ ಕೃಷಿಕ

ಎಲ್ಲರೂ ತೆಗೆಯುವುದರ ಬಗ್ಗೆ ಬರೆದಿದ್ದೀರಿ. ನನ್ನ ಕಷ್ಟ ಬೇರೆ. ನನ್ನ ಫೋನಿನಲ್ಲಿ ಹದಿನಾಲ್ಕು ಸಾವಿರ ಫೋಟೋಗಳಿದ್ದವು, ಬೇಕಾದಾಗ ಒಂದೂ ಸಿಗುತ್ತಿರಲಿಲ್ಲ. ಈಗ ಪ್ರತಿ ಸಂಕ್ರಮಣದ ದಿನ ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕುಳಿತು ಆ ತಿಂಗಳ ಫೋಟೋಗಳನ್ನು ನೋಡಿ ಹತ್ತನ್ನು ಆರಿಸುತ್ತೇವೆ. ಯಾರ ಫೋಟೋ ಅವರು ಬೇಡವೆಂದರೆ ಅದನ್ನು ಅಲ್ಲಿಯೇ ಅಳಿಸುತ್ತೇವೆ. ಆರಿಸಿದವುಗಳನ್ನು ನಾಲ್ಕು-ಆರು ಇಂಚಿನ ಅಳತೆಗೆ ಪ್ರಿಂಟ್ ಹಾಕಿಸುತ್ತೇನೆ. ಅದಕ್ಕೆ ಸುಮಾರು 1200 ಅಡ್ಡ 1800 ಪಿಕ್ಸೆಲ್ ಇದ್ದರೆ ಧಾರಾಳ, ಹಳೆಯ ಫೋನೂ ಸಾಕಾಗುತ್ತದೆ. ನನ್ನ ತಾಯಿಗೆ ಎಂಬತ್ತೆರಡು ವರ್ಷ, ಫೋನಿನಲ್ಲಿ ಬೆರಳಾಡಿಸಿ ನೋಡಲು ಅವರಿಗಾಗುವುದಿಲ್ಲ. ಪ್ರಿಂಟ್ ಆದರೆ ದಿಂಬಿನ ಕೆಳಗಿಟ್ಟುಕೊಳ್ಳುತ್ತಾರೆ.

ಪೆರ್ಲದ ಸೊಸೆ

ಇಷ್ಟು ಮನಸ್ಸಿಟ್ಟು ಬರೆದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಮೊನ್ನೆ ಭಾನುವಾರ ಪುತ್ತೂರಿನಲ್ಲಿರುವ ನಾದಿನಿಗೆ ಫೋನ್ ಮಾಡಿ ನೆಗೆಟಿವ್‌ಗಳ ವಿಷಯ ಕೇಳಿದೆ. ಮೈದುನನ ಉಪನಯನದ ನೆಗೆಟಿವ್‌ಗಳು ಅವರ ಟ್ರಂಕಿನಲ್ಲಿಯೇ ಇದ್ದವು; ನಿನ್ನೆ ಬರುವಾಗ ತಂದರು. ನಾವಿಬ್ಬರೂ ಜಗಲಿಯಲ್ಲಿ ನಿಂತು ಒಂದೊಂದನ್ನೇ ಆಕಾಶಕ್ಕೆ ಹಿಡಿದು ನೋಡಿದೆವು. ಕೊನೆಯ ತುಂಡಿನಲ್ಲಿ ಅತ್ತೆ ಇಲ್ಲ. ಖಾಲಿ ಅಂಗಳ, ಮಲಗಿದ ನಾಯಿ, ಹಿಂದೆ ಹಗ್ಗದಲ್ಲಿ ಒಣಗಲು ಹಾಕಿದ ಒಂದು ಸೀರೆ, ಇಷ್ಟೇ. ನನಗೆ ನಿರಾಶೆಯಾಯಿತು.

ಮಾವನವರು ನಮ್ಮ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಕೈಚಾಚಿ ಅದನ್ನು ತೆಗೆದುಕೊಂಡರು. ನೆಗೆಟಿವಿನಲ್ಲಿ ಬಣ್ಣವೂ ತಿಳಿಯುವುದಿಲ್ಲ, ನೆರಳು ಬೆಳಕು ಎಲ್ಲ ತಿರುಗುಮುರುಗು. ಆದರೂ ಅವರು ನೋಡಿ, ‘ಇದು ವಿಟ್ಲದಲ್ಲಿ ಕೊಂಡ ಹಸಿರು ಸೀರೆ, ಅಂಚಿನ ಹತ್ತಿರ ಬೆಂಕಿ ತಾಗಿ ತೂತಾಗಿತ್ತು, ತೂತಿನ ಕಡೆ ಒಳಗೆ ಮಡಚಿ ಒಣಗಿಸುತ್ತಿದ್ದಳು, ಇದರಲ್ಲಿಯೂ ಹಾಗೆಯೇ ಇದೆ ನೋಡು’ ಎಂದರು. ನನ್ನ ಫೋಟೋಗಳ ಬಗ್ಗೆ ಏನೂ ಹೇಳಲಿಲ್ಲ. ಇಂದು ಬೆಳಿಗ್ಗೆ ಅಡಕೆ ಸುಲಿಯುವಾಗ ನಾನು ಪಕ್ಕದಲ್ಲಿ ಕುಳಿತು, ಕೇಳಿಯೇ, ಅವರ ಕೈಗಳ ಎರಡು ಫೋಟೋ ತೆಗೆದೆ. ಬೇಡವೆನ್ನಲಿಲ್ಲ.

ಸ್ಟುಡಿಯೋದ ಅಣ್ಣನವರಲ್ಲಿ ಒಂದು ಪ್ರಶ್ನೆ. ಆ ತುಂಡಿನ ಒಂದು ಮೂಲೆಯಲ್ಲಿ ಜೇಡನ ಬಲೆಯಂತೆ ಬಿಳಿಯ ಬೂಸ್ಟು ಹಿಡಿದಿದೆ. ಒದ್ದೆ ಬಟ್ಟೆಯಲ್ಲಿ ನಿಧಾನವಾಗಿ ಒರೆಸಬಹುದೇ?

ಹಳೆಯ ನೆಗೆಟಿವ್

ಬೇಡ ತಂಗೀ, ನೀರು ತಾಗಿಸಲೇಬೇಡಿ. ಫಿಲ್ಮಿನ ಮೇಲಿನ ಚಿತ್ರ ನಿಂತಿರುವುದು ಜೆಲಟಿನ್‌ ಪದರದಲ್ಲಿ. ಬೂಸ್ಟು ಹಿಡಿದ ಜಾಗದಲ್ಲಿ ಅದು ಮೆತ್ತಗಾಗಿ ನೀರಿಗೆ ಕರಗುವಂತಾಗಿರುತ್ತದೆ, ಒರೆಸಿದರೆ ಚಿತ್ರವೇ ಬಟ್ಟೆಗೆ ಬರುತ್ತದೆ. ಬಿಸಿಲಿಗೂ ಹಿಡಿಯಬೇಡಿ. ಉಳಿದ ತುಂಡುಗಳಿಂದ ಇದನ್ನು ಬೇರೆ ಮಾಡಿ, ಕಾಗದದ ಲಕೋಟೆಯಲ್ಲಿಟ್ಟು, ಮುಚ್ಚಳ ಗಟ್ಟಿಯಾಗಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳ ಜೊತೆ ಇಡಿ. ಅಂಟಿಸುವ ಹಾಳೆಯ ಆಲ್ಬಮ್‌ಗಳಲ್ಲಿ ಫೋಟೋಗಳಿದ್ದರೆ ಎಳೆದು ಬಿಡಿಸಲು ಹೋಗದೆ, ಹಾಳೆಯ ಮೇಲಿರುವಂತೆಯೇ ಮೊದಲು ಒಂದೊಂದು ಪ್ರತಿ ತೆಗೆದಿಟ್ಟುಕೊಳ್ಳಿ. ಸ್ಕ್ಯಾನರ್ ನನ್ನಲ್ಲಿ ಈಗಲೂ ಇದೆ. ಮಳೆ ಬಿಟ್ಟ ಒಂದು ದಿನ ನೋಡಿಕೊಂಡು ಕುಂಬಳೆಗೆ ಬನ್ನಿ, ಸಾಧ್ಯವಾದರೆ ಮಾವನವರನ್ನೂ ಕರೆದುಕೊಂಡು ಬನ್ನಿ. ಆ ಸೀರೆಯ ಅಂಚನ್ನು ಎಷ್ಟು ದೊಡ್ಡದು ಮಾಡಬೇಕೆಂದು ಅವರೇ ಹೇಳಲಿ.